ಲ್ಯಾಪ್ರೋಸ್ಕೋಪಿ ಕ್ಯಾನುಲಾ ಡಿಸೈನ್: ಮೊನೆಯಿಂದ ಶುರು ಮಾಡಬೇಕಾ, ಸೀಲ್‌ನಿಂದಲಾ?

ಹೆಬ್ಬಾಳ ಸಿಎನ್‌ಸಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಮಾವನ ಜೊತೆ ಸಣ್ಣದೊಂದು ಸಿಎನ್‌ಸಿ ಶಾಪ್ ನಡೆಸುತ್ತೇನೆ. ಇಷ್ಟು ದಿನ ಗಾಡಿ ಪಾರ್ಟ್ಸ್ ಕೆಲಸವೇ. ಈಗ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪ್ರೋಸ್ಕೋಪಿ ಆಪರೇಷನ್‌ಗೆ ಬಳಸುವ ಕ್ಯಾನುಲಾ (ಉಪಕರಣ ಒಳಗೆ ಹೋಗುವ ಕೊಳವೆ, ಪೋರ್ಟ್ ಅಂತಲೂ ಕರೆಯುತ್ತಾರೆ) ಮತ್ತು ಟ್ರೋಕಾರ್ (ಆ ಕೊಳವೆಯೊಳಗೆ ಕೂರುವ, ಹೊಟ್ಟೆಗೆ ದಾರಿ ಮಾಡುವ ಮೊನೆಯ ಕಡ್ಡಿ) ಮಾಡಬೇಕು ಅಂತ ತುಂಬಾ ಆಸೆ. ಪರಿಚಯದ ಡಾಕ್ಟರ್ ಒಬ್ಬರು ಮಂಡ್ಯ ಕಡೆ ನರ್ಸಿಂಗ್ ಹೋಮ್‌ನಲ್ಲಿ ಗಾಲ್ ಬ್ಲಾಡರ್, ಅಪೆಂಡಿಕ್ಸ್ ಆಪರೇಷನ್ ಮಾಡುತ್ತಾರೆ. ಬಳಸಿ ಬಿಸಾಡುವ ಪೋರ್ಟ್ ತಂದರೆ ರೋಗಿಯ ಬಿಲ್ ಏರುತ್ತದೆ, ಸ್ಟೀಲಿನದು ತಂದರೆ ಸ್ವಲ್ಪ ದಿನಕ್ಕೇ ಹೊಟ್ಟೆ ಉಬ್ಬಿಸಲು ತುಂಬುವ ಗ್ಯಾಸ್ ಲೀಕ್, ಸೀಲ್ ಬದಲಿಸೋಣ ಅಂದರೆ ಆ ಅಳತೆಯದು ಸಿಗುವುದೇ ಇಲ್ಲ ಅಂತ ಅವರ ದೂರು.

ನನ್ನ ಯೋಚನೆ ಹೀಗಿದೆ. 5 ಮತ್ತು 10 ಮಿಲಿಮೀಟರಿನ ಎರಡು ಅಳತೆ, ಎರಡೂ ಮತ್ತೆ ಮತ್ತೆ ಬಳಸುವಂಥವು, 316ಎಲ್ ಸ್ಟೀಲ್ ಕೊಳವೆ, ಉದ್ದ ಸುಮಾರು 100 ಮಿ.ಮೀ., ಮೇಲೆ ಬದಲಿಸಬಹುದಾದ ಸಿಲಿಕೋನ್ ಸೀಲ್. ಮೊನೆಯ ಡ್ರಾಯಿಂಗ್ ಮಾಡಿಟ್ಟಿದ್ದೇನೆ: ಮೂರು ಮುಖದ ಚೂಪಿನದು ಒಂದು, ಮೊಂಡು ಕೋನ್ ಒಂದು. ಯಾವುದು ವಾಸಿ? ಕೊಳವೆಯ ಹೊರಗೆ ಜಾರದ ಹಾಗೆ ಪ್ಲಾಸ್ಟಿಕ್ ಥ್ರೆಡ್ ತೋಳು ಹಾಕಬಹುದಾ? ಒಳವ್ಯಾಸ ಎಷ್ಟು ಇಡಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಮಂಡ್ಯ ಸರ್ಜನ್

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಆದರೆ ಮೊನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಯಾಕೆ ಅಂತ ಹೇಳುತ್ತೇನೆ.

ಮೊನೆ ಹೊಟ್ಟೆಯೊಳಗೆ ಹೋಗುವುದು ಕೆಲವೇ ಸೆಕೆಂಡಿನ ಮಾತು. ಆ ಸೆಕೆಂಡುಗಳು ಅಪಾಯದವು, ನಿಜ. ಚೂಪು ಕಮ್ಮಿಯಾದರೆ ನಾವು ಜಾಸ್ತಿ ಒತ್ತುತ್ತೇವೆ, ಪದರ ಸಡಿಲ ಆದ ತಕ್ಷಣ ಕೈ ಮುಂದಕ್ಕೆ ನುಗ್ಗುತ್ತದೆ. ತೆಳ್ಳಗಿನ ರೋಗಿಗಳಲ್ಲಿ ಹೊಟ್ಟೆಯ ಗೋಡೆಯಿಂದ ಮಹಾಧಮನಿಗೆ 2 ಸೆಂಟಿಮೀಟರ್ ದೂರವಷ್ಟೇ ಇರಬಹುದು. ಅದಕ್ಕೇ ಎಷ್ಟೋ ಜನ ಮೊದಲ ಪೋರ್ಟನ್ನು ಹೊಕ್ಕುಳ ಹತ್ತಿರ ಸಣ್ಣದಾಗಿ ಕುಯ್ದು, ಪದರಗಳನ್ನು ಕಣ್ಣಾರೆ ನೋಡಿಕೊಂಡು, ಮೊಂಡು ಮೊನೆಯದನ್ನೇ ಇಡುತ್ತಾರೆ. ಹ್ಯಾಸನ್ ಅನ್ನುವ ಡಾಕ್ಟರ್ 1971ರಲ್ಲಿ ಹೇಳಿಕೊಟ್ಟ ವಿಧಾನ ಅದು. ಇನ್ನು ಕೆಲವರು ಮೊದಲು ವೆರೆಸ್ ಸೂಜಿಯಲ್ಲಿ ಗ್ಯಾಸ್ ತುಂಬುತ್ತಾರೆ. ಆ ಸೂಜಿಯ ಒಳಗೆ ಸ್ಪ್ರಿಂಗಿನ ಮೊಂಡು ಕಡ್ಡಿ ಇರುತ್ತದೆ, ತುದಿ ಖಾಲಿ ಜಾಗಕ್ಕೆ ಬಂದ ಕೂಡಲೇ ಅದು ಮುಂದೆ ಚಿಮ್ಮಿ ಚೂಪನ್ನು ಮುಚ್ಚುತ್ತದೆ. ಹಂಗೇರಿಯ ಡಾಕ್ಟರ್ ವೆರೆಸ್ ಅದನ್ನು 1930ರ ದಶಕದಲ್ಲಿ ಕ್ಷಯರೋಗಿಗಳ ಎದೆಗೆ ಗಾಳಿ ತುಂಬಲು ಮಾಡಿದ್ದು. ಅಂದರೆ ಒಳಗೆ ಹೋಗುವ ದಾರಿಯ ಬಗ್ಗೆ ಬಹಳ ಜನ ಬಹಳ ಕಾಲ ತಲೆ ಕೆಡಿಸಿಕೊಂಡಿದ್ದಾರೆ. ಮೊಂಡು ಮೊನೆಯಿಂದ ಶುರು ಮಾಡಿ, ಸಾಕು.

ಆಪರೇಷನ್ ನಡೆಯುವ ಉಳಿದ ಹೊತ್ತೆಲ್ಲಾ ನಮ್ಮನ್ನು ಕಾಯುವುದು ಅಥವಾ ಕಾಡುವುದು ಸೀಲ್. ಹೊಟ್ಟೆಯಲ್ಲಿ ಕಾರ್ಬನ್ ಡೈಆಕ್ಸೈಡ್ 12ರಿಂದ 15 ಎಂಎಂ ಮರ್ಕ್ಯುರಿ ಒತ್ತಡದಲ್ಲಿ ನಿಲ್ಲಬೇಕು. ಸೀಲ್ ಸೋರಿದರೆ ಹೊಟ್ಟೆ ಇಳಿಯುತ್ತದೆ, ಕಾಣುವ ಜಾಗ ಕುಗ್ಗುತ್ತದೆ, ಅದೂ ಕ್ಲಿಪ್ ಹಾಕಬೇಕಾದ ಗಳಿಗೆಯಲ್ಲೇ. ತಾಲ್ಲೂಕು ಮಟ್ಟದಲ್ಲಿ ಒಂದೇ ಸಿಲಿಂಡರ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಗ್ಯಾಸ್ ಪೋಲಾಗುವುದು ಸಣ್ಣ ವಿಷಯ ಅಲ್ಲ. ಹಾಗಂತ ಸೀಲ್ ಬಿಗಿ ಮಾಡಿದರೆ ಇನ್ನೊಂದು ತೊಂದರೆ. ಉಪಕರಣದ ತುದಿಯಲ್ಲಿ ಅಂಗಾಂಶ ಎಷ್ಟು ಎಳೆಯುತ್ತಿದೆ ಅನ್ನುವುದು ನನ್ನ ಬೆರಳಿಗೆ ಗೊತ್ತಾಗಬೇಕು, ಬಿಗಿ ಸೀಲ್ ಅದನ್ನು ನುಂಗಿಬಿಡುತ್ತದೆ. ಉಪಕರಣ ಹೊರಗೆ ಎಳೆದಾಗ ಪೋರ್ಟೇ ಜೊತೆಗೆ ಕಿತ್ತು ಬರುತ್ತದೆ.

ಇನ್ನು ನಿಮ್ಮ ಪ್ಲಾಸ್ಟಿಕ್ ತೋಳಿನ ವಿಷಯ. ದಯವಿಟ್ಟು ಬೇಡ. ನಾವು ಮಾನೋಪೋಲಾರ್ ಕಾಟರಿ, ಅಂದರೆ ಕರೆಂಟ್ ಹಾಯಿಸಿ ಅಂಗಾಂಶ ಸುಟ್ಟು ಕತ್ತರಿಸುವ ಉಪಕರಣ, ಬಳಸುತ್ತೇವೆ. ಅದರ ಕೊಕ್ಕೆ ತುದಿಯ ಕಡ್ಡಿ (ಹುಕ್) ಮೇಲ್ಹೊದಿಕೆ ಸರಿಯಿರುವಂಥದ್ದಾದರೂ ಲೋಹದ ಕೊಳವೆಯೊಳಗೆ ಕೂತಾಗ ಎರಡೂ ಸೇರಿ ಕೆಪಾಸಿಟರ್ ಆಗುತ್ತವೆ, ಕೊಳವೆಗೆ ಕರೆಂಟ್ ಬರುತ್ತದೆ. ಕೊಳವೆ ಪೂರ್ತಿ ಲೋಹದ್ದಾಗಿ ಹೊಟ್ಟೆಯ ಗೋಡೆಗೆ ತಾಗಿದ್ದರೆ ಅದು ಅಗಲವಾಗಿ ಹರಡಿ ಹೋಗುತ್ತದೆ, ಸುಡುವುದಿಲ್ಲ. ನಡುವೆ ಪ್ಲಾಸ್ಟಿಕ್ ತೋಳು ಬಂದರೆ ಆ ದಾರಿ ಮುಚ್ಚಿತು. ಆಗ ಕೊಳವೆಯ ತುದಿಗೆ ಕರುಳು ತಾಗಿದರೆ ಅಲ್ಲಿ ಸುಡಬಹುದು. ಅದು ನಮ್ಮ ಕಣ್ಣಿಗೂ ಬೀಳುವುದಿಲ್ಲ, ಕೆಲವು ದಿನ ಬಿಟ್ಟು ಕರುಳು ತೂತಾಗಿ ರೋಗಿ ವಾಪಸ್ ಬರುತ್ತಾರೆ. ಪೂರ್ತಿ ಲೋಹ ಮಾಡಿ, ಇಲ್ಲ ಪೂರ್ತಿ ಪ್ಲಾಸ್ಟಿಕ್ ಮಾಡಿ. ಜಾರದಿರಲು ಸ್ಟೀಲಿನ ಮೇಲೇ ಸಣ್ಣ ಗೀರು ಕೊರೆಯಿರಿ, ಆಳ ಬೇಡ, ಏಣು ದುಂಡಗಿರಲಿ.

ಓಟಿ ಸಿಸ್ಟರ್ ಮೈಸೂರು

ಸಾರ್ ಹೇಳಿದ್ದು ಟೇಬಲ್ ಮೇಲಿನ ಮಾತು. ನಾನು ಟೇಬಲ್ ಆಚೆಯದನ್ನು ಹೇಳುತ್ತೇನೆ ತಮ್ಮಾ. ಆಪರೇಷನ್ ಮುಗಿದ ಮೇಲೆ ನಿನ್ನ ಕ್ಯಾನುಲಾ ನಮ್ಮ ಸಿಂಕಿಗೆ ಬರುತ್ತದೆ. ಮುಂದಿನ ಕೇಸ್ ಕಾಯುತ್ತಿರುತ್ತದೆ, ತೊಳೆಯುವವರು ಒಬ್ಬರೇ ಇರುತ್ತಾರೆ. ಟೂಲ್ ಇಲ್ಲದೆ, ಬರಿಗೈಯಲ್ಲಿ, ಗ್ಲೌಸ್ ಹಾಕಿಕೊಂಡೇ ಅದು ಬಿಚ್ಚಲು ಬರಬೇಕು. ಬಿಚ್ಚಿದಾಗ ಜಾಸ್ತಿ ತುಂಡು ಬೇಡ. ಸಣ್ಣ ಸ್ಪ್ರಿಂಗ್, ಸಣ್ಣ ಓ-ರಿಂಗ್ ಸಿಂಕಿನ ತೂತಿನಲ್ಲಿ ಹೋದರೆ ಆ ಪೋರ್ಟ್ ಅವತ್ತಿಗೆ ಸತ್ತಂತೆ. ಸೀಲನ್ನು ತಿರುವುಮುರುವಾಗಿ ಕೂರಿಸಲು ಆಗಲೇಬಾರದು, ಹಾಗೆ ಆಕಾರ ಕೊಡು. 5ರ ಸೀಲ್ ಒಂದು ಬಣ್ಣ, 10ರದ್ದು ಇನ್ನೊಂದು ಬಣ್ಣ ಇರಲಿ.

ಗ್ಯಾಸ್ ನಲ್ಲಿಯ ಒಳಗೆ ಬ್ರಷ್ ಹೋಗುತ್ತದಾ ನೋಡು. ಎಷ್ಟೋ ಪೋರ್ಟ್‌ಗಳಲ್ಲಿ ಆ ನಲ್ಲಿಯ ಬುಡದಲ್ಲಿ ಒಣಗಿದ ರಕ್ತ ಕೂತಿರುತ್ತದೆ, ಮೇಲಿನಿಂದ ಎಷ್ಟು ನೀರು ಬಿಟ್ಟರೂ ಹೋಗುವುದಿಲ್ಲ. ಕೊಳೆ ಉಳಿದ ಜಾಗಕ್ಕೆ ಹಬೆಯೂ ಸರಿಯಾಗಿ ಮುಟ್ಟುವುದಿಲ್ಲ. ಆಪರೇಷನ್ ಆಗಿ ಕೆಲವು ವಾರದ ಮೇಲೆ ಪೋರ್ಟ್ ಹಾಕಿದ ಜಾಗದಲ್ಲಿ ಗಂಟು, ಕೀವು ಅಂತ ಬರುವವರನ್ನು ನೋಡಿದ್ದೇನೆ. ಟಿಬಿ ಜಾತಿಗೆ ಸೇರಿದ ಬೇರೆ ಮೈಕೋಬ್ಯಾಕ್ಟೀರಿಯಾ ಅದಕ್ಕೆ ಕಾರಣ ಇರಬಹುದು. ಸಾಮಾನ್ಯ ಆಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ, ತಿಂಗಳುಗಟ್ಟಲೆ ಮಾತ್ರೆ. ಗ್ಲುಟರಾಲ್ಡಿಹೈಡ್ ಅನ್ನುವ ರೋಗಾಣುನಾಶಕ ದ್ರವದಲ್ಲಿ ಸ್ವಲ್ಪ ಹೊತ್ತು ಅದ್ದಿ, ನಲ್ಲಿ ನೀರಲ್ಲಿ ತೊಳೆದುಬಿಟ್ಟರೆ ಆ ನೀರಿನಿಂದಲೇ ಈ ರೋಗಾಣು ಸೇರಬಹುದು. ಆದ್ದರಿಂದ ನಿನ್ನ ಕ್ಯಾನುಲಾ ಸೀಲ್ ಸಮೇತ ಆಟೋಕ್ಲೇವಿನ ಬಿಸಿ ಹಬೆ ತಡೆಯಬೇಕು. 134 ಡಿಗ್ರಿಗೂ, 121ಕ್ಕೂ. "ಅದ್ದಿ ತೆಗೆದರೆ ಸಾಕು" ಅನ್ನುವ ಸಾಮಾನು ದಯವಿಟ್ಟು ಮಾಡಬೇಡ.

ಹೆಬ್ಬಾಳ ಸಿಎನ್‌ಸಿ

ಸಾರ್, ಅಕ್ಕಾ, ತುಂಬಾ ಥ್ಯಾಂಕ್ಸ್. ಬಿಚ್ಚುವುದು, ತೊಳೆಯುವುದು ನನ್ನ ಡ್ರಾಯಿಂಗಿನಲ್ಲಿ ಎಲ್ಲೂ ಇರಲಿಲ್ಲ. ಪ್ಲಾಸ್ಟಿಕ್ ತೋಳು ತೆಗೆದೆ. ಸಿಲಿಕೋನ್ ಸೀಲ್ ಯಾರ ಹತ್ತಿರ, ಹೇಗೆ ಮಾಡಿಸಬೇಕು? ಒಳವ್ಯಾಸದ ಪ್ರಶ್ನೆಯೂ ಹಾಗೇ ಉಳಿದಿದೆ.

ರಬ್ಬರ್ ಮೋಲ್ಡಿಂಗ್ ಹೂಟಗಳ್ಳಿ

ಗುರು, ಒಂದು ಸೀಲ್ ಅಲ್ಲ, ಎರಡು ಬೇಕು. ಉಪಕರಣ ಒಳಗಿದ್ದಾಗ ಅದರ ಸುತ್ತ ಹಿಡಿಯುವುದಕ್ಕೆ ನಡುವೆ ತೂತಿರುವ ತೆಳು ಪದರ. ಉಪಕರಣ ಇಲ್ಲದಾಗ ಮುಚ್ಚುವುದಕ್ಕೆ ಡಕ್‌ಬಿಲ್, ಅಂದರೆ ಬಾತುಕೋಳಿ ಕೊಕ್ಕಿನ ಹಾಗೆ ಎರಡು ತುಟಿ ಇರುವ ವಾಲ್ವ್. ಒಳಗಿನ ಗ್ಯಾಸೇ ತುಟಿಗಳನ್ನು ಒತ್ತಿ ಮುಚ್ಚುತ್ತದೆ. ಒಂದರಲ್ಲೇ ಎರಡೂ ಕೆಲಸ ಮಾಡಿಸಲು ಹೋದರೆ ಎರಡೂ ಅರ್ಧಂಬರ್ಧ.

ಮೆಡಿಕಲ್ ಗ್ರೇಡ್, ಪ್ಲಾಟಿನಂ ಕ್ಯೂರ್ (ಪ್ಲಾಟಿನಂ ಸಹಾಯದಿಂದ ಗಟ್ಟಿಯಾಗುವ) ಸಿಲಿಕೋನ್ ತೊಗೊಳ್ಳಿ, ಲಾಟ್ ನಂಬರ್ ಇರುವ ಸರ್ಟಿಫಿಕೇಟ್ ಸಮೇತ. ಗಟ್ಟಿತನ ಶೋರ್ ಎ 40ರ ಆಸುಪಾಸಿನಿಂದ ಪ್ರಯೋಗ ಶುರು ಮಾಡಿ. ಗಂಧಕದಿಂದ ಕ್ಯೂರ್ ಆಗುವ ಮಾಮೂಲಿ ರಬ್ಬರ್ ಒತ್ತುವ ಡೈ ಪಕ್ಕ ಇದನ್ನು ಇಡಲೇಬೇಡಿ. ಗಂಧಕ ಸೋಕಿದರೆ ಪ್ಲಾಟಿನಂ ಕ್ಯೂರ್ ನಿಂತುಹೋಗುತ್ತದೆ, ಮೈ ಅಂಟಂಟಾಗಿಯೇ ಉಳಿಯುತ್ತದೆ. ಇನ್ನೊಂದು ವಿಷಯ ಮುಂಚೆಯೇ ಗೊತ್ತಿರಲಿ. ಡಕ್‌ಬಿಲ್‌ನ ಸೀಳು ಬ್ಲೇಡಿನಲ್ಲಿ ಕತ್ತರಿಸಿದ ಮೇಲೆ ಬಿಸಿಗೆ ಮತ್ತೆ ಅಂಟಿಕೊಳ್ಳುತ್ತದೆ. ಸಿಲಿಕೋನಿಗೆ ಸಿಲಿಕೋನ್ ಅಂದರೆ ಅಷ್ಟು ಪ್ರೀತಿ. ಓವನ್‌ನಲ್ಲಿ ಪೋಸ್ಟ್ ಕ್ಯೂರ್ (ಮತ್ತೆ ಬಿಸಿ ಮಾಡಿ ಪೂರ್ತಿ ಗಟ್ಟಿಯಾಗಿಸುವುದು) ಆದ ಮೇಲೆ ಸೀಳು ಹಾಕಿ, ಆಟೋಕ್ಲೇವ್ ಆದ ಪ್ರತಿ ಸಲವೂ ತೆರೆಯುತ್ತದಾ ನೋಡಿ. ಹೊಲಿಗೆಯ ಬಾಗಿದ ಸೂಜಿ ಹೋಗಿಬರುವಾಗ ತುಟಿ ಹರಿಯುವುದೂ ಉಂಟು, ಅದಕ್ಕೆ ಮೇಲಿನಿಂದ ಇಳಿಜಾರು ದಾರಿ ಕೊಡಿ.

ಒಳವ್ಯಾಸ: 10 ಮಿ.ಮೀ. ಸ್ಕೋಪ್‌ಗೆ (ಕ್ಯಾಮೆರಾದ ಕೊಳವೆಗೆ) 10.5 ಇಟ್ಟರೆ ಸುತ್ತ ಕಾಲು ಮಿ.ಮೀ. ಸಂದಿ, 11 ಇಟ್ಟರೆ ಅರ್ಧ. ನೋಡೋಕೆ ಅಷ್ಟೇ ವ್ಯತ್ಯಾಸ, ಆದರೆ ತೆಳು ಸಂದಿಯಲ್ಲಿ ಹರಿವು ಸಂದಿಯ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಸಂದಿ ಎರಡರಷ್ಟಾದರೆ ಗ್ಯಾಸ್ ಹೆಚ್ಚುಕಮ್ಮಿ ಎಂಟರಷ್ಟು. ಹೊರವ್ಯಾಸ ಏರಿದಷ್ಟೂ ಗಾಯ ದೊಡ್ಡದಾಗುತ್ತದೆ ಅನ್ನುವುದೂ ನೆನಪಿರಲಿ, ಹಾಗಾಗಿ ಗೋಡೆ ತೆಳುವಾಗಿಸಿ ಸಂದಿ ಉಳಿಸಿಕೊಳ್ಳಿ. ಗ್ಯಾಸಿನ ಅಡ್ಡ ತೂತು ಕೊರೆದ ಮೇಲೆ ಒಳಗಿನ ಬರ್ (ಲೋಹದ ಚೂಪು ಅಂಚು) ಪೂರ್ತಿ ತೆಗೆಯಿರಿ. ಅದೊಂದು ಉಳಿದರೆ ಸ್ಕೋಪಿನ ಮೈ ಗೀರುತ್ತದೆ, ಸೀಲ್ ಹರಿಯುತ್ತದೆ. ಮೈ ನುಣುಪಾಗಿಸುವ ಎಲೆಕ್ಟ್ರೋಪಾಲಿಶ್, ತುಕ್ಕು ತಡೆಯುವ ಪ್ಯಾಸಿವೇಷನ್ ಬಿಡಬೇಡಿ. ಡೈಗೆ ಮೈಸೂರಿನ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ವಿಚಾರಿಸಿ, ವಸ್ತುವಿನ ಪರೀಕ್ಷೆಗೆ ನಮ್ಮ ಸಿಪೆಟ್ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಇದೆ.

ಕ್ವಾಲಿಟಿ ಮೇಡಂ

ಒಂದು ಮಾತು ನೇರವಾಗಿ. ಪರಿಚಯದ ಡಾಕ್ಟರ್ ಅಂತ ಸ್ಯಾಂಪಲ್ ಕೊಟ್ಟು ರೋಗಿಯ ಮೇಲೆ ನೋಡಿಸಬೇಡಿ. ಅವರೇ ಕೇಳಿದರೂ ಕೊಡಬೇಡಿ. ನಮ್ಮಲ್ಲಿ 2017ರ ವೈದ್ಯಕೀಯ ಸಾಧನ ನಿಯಮಗಳಿವೆ. ಅಪಾಯ ಏರುವ ಕ್ರಮದಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ. ಎ ಮತ್ತು ಬಿ ವರ್ಗಕ್ಕೆ ಲೈಸೆನ್ಸ್ ಕೊಡುವುದು ರಾಜ್ಯ, ಸಿ ಮತ್ತು ಡಿಗೆ ಕೇಂದ್ರ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಪಟ್ಟಿಯಲ್ಲಿ ನಿಮ್ಮ ಸಾಧನದ ಹೆಸರು ಹುಡುಕಿ ವರ್ಗ ನೋಡಿಕೊಳ್ಳಿ. ಪರೀಕ್ಷೆಗೆ ಅಂತ ಸ್ವಲ್ಪ ಪೀಸ್ ಮಾಡಲೂ ಅನುಮತಿ ಬೇಕು, ಎಂಡಿ-12 ನಮೂನೆಯಲ್ಲಿ ಅರ್ಜಿ ಹಾಕಿದರೆ ಎಂಡಿ-13 ಅನ್ನುವ ಪರೀಕ್ಷಾ ಲೈಸೆನ್ಸ್ ಸಿಗುತ್ತದೆ. ಜೊತೆಗೆ ವೈದ್ಯಕೀಯ ಸಾಧನಗಳ ಗುಣಮಟ್ಟಕ್ಕಿರುವ ಐಎಸ್‌ಒ 13485ರ ಪದ್ಧತಿ ಈಗಲೇ ಶುರು ಮಾಡಿ. ಅಪಾಯಗಳ ವಿಶ್ಲೇಷಣೆಗೆ 14971, ದೇಹಕ್ಕೆ ಹೊಂದುತ್ತದಾ ಅನ್ನುವುದಕ್ಕೆ 10993. ಡಾಕ್ಟರ್ ಸಾರ್ ಹೇಳಿದ ಕಾಟರಿ ಮಾತು, ಸಿಸ್ಟರ್ ಹೇಳಿದ ನಲ್ಲಿಯ ಬುಡ, ಇವೆರಡೂ ನಿಮ್ಮ ಅಪಾಯದ ಕಡತದ ಮೊದಲ ಸಾಲುಗಳಾಗಲಿ. ಮತ್ತೆ ಮತ್ತೆ ಬಳಸುವ ಸಾಧನಕ್ಕೆ ತೊಳೆಯುವ ವಿಧಾನ ಬರೆದುಕೊಡುವುದೂ ನಿಮ್ಮದೇ ಜವಾಬ್ದಾರಿ. ಅದನ್ನು ಕನ್ನಡದಲ್ಲೂ ಕೊಡಿ, ಓದುವವರು ಸಿಂಕ್ ಮುಂದೆ ನಿಂತಿರುತ್ತಾರೆ.

ಹೆಬ್ಬಾಳ ಸಿಎನ್‌ಸಿ

ಖಂಡಿತ ಮೇಡಂ, ರೋಗಿಯ ಹತ್ತಿರ ಹೋಗುವ ಮಾತೇ ಇಲ್ಲ. ಲೀಕ್ ಟೆಸ್ಟಿಗೆ ದುಬಾರಿ ಮೆಷಿನ್ ಬೇಕಾ? ಚುಚ್ಚಿ ನೋಡಲು ಬನ್ನೂರು ಕುರಿಯ ಮಾಂಸ ಆಗುತ್ತದಾ?

ಮಂಡ್ಯ ಸರ್ಜನ್

ಕುರಿಯ ಹೊಟ್ಟೆಯ ಗೋಡೆ ತೆಳು. ಹಂದಿಯದು ಮನುಷ್ಯರದಕ್ಕೆ ಹತ್ತಿರ, ತರಬೇತಿಗೂ ಅದನ್ನೇ ಬಳಸುತ್ತಾರೆ. ಚರ್ಮ ಸಮೇತ ಕೇಳಿ ತೊಗೊಳ್ಳಿ.

ಲೀಕ್ ನೋಡಲು ಶುರುವಿಗೆ ಮೆಷಿನ್ ಬೇಡ. 15 ಎಂಎಂ ಮರ್ಕ್ಯುರಿ ಅಂದರೆ ಸುಮಾರು 20 ಸೆಂಟಿಮೀಟರ್ ನೀರಿನ ಒತ್ತಡ. ಯು ಆಕಾರದ ಪಾರದರ್ಶಕ ಟ್ಯೂಬಿಗೆ ಬಣ್ಣದ ನೀರು ಹಾಕಿ, ಮುಚ್ಚಿದ ಡಬ್ಬಿಗೆ ಪೋರ್ಟ್ ಕೂರಿಸಿ, ಗಾಳಿ ತುಂಬಿ, ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ 20 ಸೆಂ.ಮೀ. ಆದ ಮೇಲೆ ನಲ್ಲಿ ಮುಚ್ಚಿ ಗಡಿಯಾರ ನೋಡಿ. ಖಾಲಿ ಪೋರ್ಟ್, ಉಪಕರಣ ನೆಟ್ಟಗಿರುವಾಗ, ಉಪಕರಣವನ್ನು ಪಕ್ಕಕ್ಕೆ ಚೆನ್ನಾಗಿ ಓರೆ ಮಾಡಿ ಒತ್ತಿದಾಗ, ಈ ಮೂರರಲ್ಲೂ ಬರೆದಿಡಿ. ಕೊನೆಯದರಲ್ಲೇ ಹೆಚ್ಚಿನ ಸೀಲ್‌ಗಳು ಸೋಲುತ್ತವೆ, ಯಾಕೆಂದರೆ ನಾವು ನೆಟ್ಟಗೆ ಕೆಲಸ ಮಾಡುವುದು ಕಮ್ಮಿ. ಆಮೇಲೆ ಆಟೋಕ್ಲೇವ್ ಮಾಡಿ ಮತ್ತೆ ಅದೇ ಮೂರು ನೋಡಿ. ಅಂಕಿ ಬಂದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.