ಕಣ್ಣು ಕಾಣದ ವಿದ್ಯಾರ್ಥಿನಿ ತಾನೇ ಟೈಟ್ರೇಷನ್ ಮಾಡಲು ಏನು ವ್ಯವಸ್ಥೆ ಬೇಕು?

ಪ್ರಶ್ನೆ:
ಬರುವ ಸೆಮಿಸ್ಟರ್‌ನಲ್ಲಿ ರಸಾಯನಶಾಸ್ತ್ರ ಲ್ಯಾಬ್‌ಗೆ ಪೂರ್ತಿ ದೃಷ್ಟಿ ಇಲ್ಲದ ವಿದ್ಯಾರ್ಥಿನಿಯೊಬ್ಬರು ಬರುತ್ತಿದ್ದಾರೆ. ಪಕ್ಕದಲ್ಲೊಬ್ಬರು ನಿಂತು "ಬಣ್ಣ ಬಂತು" ಅನ್ನುವುದು ಅವರಿಗೂ ಬೇಡ, ನನಗೂ ಬೇಡ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 25 ಮಿ.ಲೀ., ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್, ಫಿನಾಲ್ಫ್ತಲೀನ್. ಆಮ್ಲಕ್ಕೆ ಕ್ಷಾರವನ್ನು ಅಳೆದು ಹಾಕುತ್ತಾ, ಫಿನಾಲ್ಫ್ತಲೀನ್ ತಿಳಿಗುಲಾಬಿಯಾದಾಗ ನಿಲ್ಲಿಸುವ ಮಾಮೂಲಿ ಪ್ರಯೋಗ. ಬಣ್ಣ ಹೇಳುವ ಮೊಬೈಲ್ ಆ್ಯಪ್ ಹಿಡಿದರೆ ತಿಳಿಗುಲಾಬಿಗೆ ಒಮ್ಮೆ ಬಿಳಿ, ಒಮ್ಮೆ ಬೂದು ಅನ್ನುತ್ತೆ. ಬ್ಯೂರೆಟ್ (ಅಳತೆಗೆರೆಗಳಿರುವ ಗಾಜಿನ ಕೊಳವೆ) ಓದುವ ದಾರಿಯೂ ತೋಚುತ್ತಿಲ್ಲ.

ಉತ್ತರ 1:
ಆ್ಯಪ್ ಬಿಡಿ. ಕ್ಯಾಮೆರಾ ಬಣ್ಣಗಳನ್ನು ತಾನೇ ಸರಿದೂಗಿಸಿಕೊಳ್ಳುವಾಗ ನಿಮಗೆ ಬೇಕಾದ ಆ ತಿಳಿ ಛಾಯೆಯನ್ನೇ ನುಂಗಿಬಿಡುತ್ತದೆ. ಬ್ಯೂರೆಟ್ಟೂ ಬೇಡ. ಬಣ್ಣದ ಬದಲು, ಅಂಕಿಯನ್ನು ಗಟ್ಟಿಯಾಗಿ ಹೇಳುವ ಮೀಟರಿನಿಂದ ಪಿಎಚ್ (ಆಮ್ಲೀಯತೆಯ ಅಳತೆ), ಮಿಲಿಲೀಟರ್ ಬದಲು ಗ್ರಾಂ.

ಕ್ಷಾರವನ್ನು ಚೂಪು ಮೂತಿಯ ಮೆತ್ತನೆ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, 0.01 ಗ್ರಾಂವರೆಗೆ ಅಳೆಯುವ ಬ್ಯಾಲೆನ್ಸ್ ಮೇಲಿಟ್ಟು ಸೊನ್ನೆ ಮಾಡಿ. ಹಿಂಡಿ ವಾಪಸ್ ಇಟ್ಟಾಗ ಬರುವ ಮೈನಸ್ ಅಂಕಿಯೇ ಹಾಕಿದ ಪ್ರಮಾಣ. ಮೂತಿಯಲ್ಲಿ ನೇತಾಡುವ ಹನಿಯನ್ನು ಬೀಕರಿನ ಒಳಗೋಡೆಗೆ ಮುಟ್ಟಿಸಿಬಿಡಬೇಕು. ದಾರಿಯಲ್ಲಿ ಬೆಂಚಿನ ಮೇಲೆ ಬಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಕ್ಷಾರದ ಶಕ್ತಿಯನ್ನೂ ಗ್ರಾಂಗೆ ಇಷ್ಟು ಮಿಲಿಮೋಲ್ ಎಂದೇ ನಿರ್ಧರಿಸಿಟ್ಟುಕೊಳ್ಳಿ, ಆಗ ದ್ರಾವಣದ ಒಂದು ಮಿ.ಲೀ. ಎಷ್ಟು ಗ್ರಾಂ ತೂಗುತ್ತದೆ ಎಂಬ ಗೊಡವೆ ಇರುವುದಿಲ್ಲ.

ನಿಮ್ಮ ಪ್ರಮಾಣಕ್ಕೆ ಪಿಎಚ್ 3 ಮುಟ್ಟಿತೆಂದರೆ ಇನ್ನು ಅರ್ಧ ಮಿ.ಲೀ., ಅಂದರೆ ಸುಮಾರು ಹತ್ತು ಹನಿ ಬಾಕಿ. ಅಲ್ಲಿಂದ ಒಂದೊಂದೇ ಹನಿ. ಕೊನೆಯಲ್ಲಿ ಒಂದು ಹನಿ ಈಚೆ 4, ಒಂದು ಹನಿ ಆಚೆ 10. ಇಷ್ಟು ದೊಡ್ಡ ನೆಗೆತ ಕಿವಿಗೆ ತಪ್ಪುವುದಿಲ್ಲ.

ಉತ್ತರ 2:
ಮೇಲಿನದು ಸರಿ, ಆದರೆ ಪಿಎಚ್ ಮೀಟರಿನ ಎಲೆಕ್ಟ್ರೋಡ್ (ದ್ರಾವಣದಲ್ಲಿ ಅದ್ದುವ ಗಾಜಿನ ಕಡ್ಡಿ) ಒಡೆಯುವುದು ಇಲ್ಲೇ. ಬೀಕರಿನ ತಳದಲ್ಲಿ ತಿರುಗಿ ದ್ರಾವಣ ಕಲಕುವ ಸ್ಟಿರರ್ ಕಡ್ಡಿ ಅದರ ತುದಿಯ ಗಾಜಿನ ಬಲ್ಬ್‌ಗೆ ಬಡಿಯುತ್ತದೆ. ಎಲೆಕ್ಟ್ರೋಡನ್ನು ಕ್ಲ್ಯಾಂಪ್‌ಗೆ ಹಾಕಿ, ಸ್ಟ್ಯಾಂಡ್ ಕಂಬದ ಮೇಲೆ ಕ್ಲ್ಯಾಂಪಿನ ಕೆಳಗೇ ಇನ್ನೊಂದು ಹಿಡಿಕೆ ಬಿಗಿದುಬಿಡಿ. ಎಷ್ಟು ಇಳಿಸಿದರೂ ಬಲ್ಬ್ ಕಡ್ಡಿಯಿಂದ ಒಂದೂವರೆ ಸೆಂ.ಮೀ. ಮೇಲೇ ನಿಲ್ಲಬೇಕು. ಪ್ರತಿ ಹನಿಯ ನಂತರ 10–15 ಸೆಕೆಂಡ್ ಕಾಯದೆ ಓದಿದರೆ ಅಂಕಿ ಹಿಂದೆ ಬಿದ್ದಿರುತ್ತದೆ, ನೆಗೆತ ದಾಟಿಹೋಗುತ್ತದೆ. ಮೀಟರನ್ನು ಸರಿಹೊಂದಿಸಲು ಬಳಸುವ ಪಿಎಚ್ 4, 7, 10ರ ಬಫರ್ ದ್ರಾವಣದ ಬಾಟಲಿಗಳಿಗೆ ಒಂದು, ಎರಡು, ಮೂರು ರಬ್ಬರ್ ಬ್ಯಾಂಡ್ ಸಾಕು. ಗುರುತು ಬಾಟಲಿಯ ಮೈಗೇ ಇರಲಿ, ಮುಚ್ಚಳ ಅದಲುಬದಲಾಗುತ್ತದೆ.

ಪ್ರಶ್ನೆ ಕೇಳಿದವರು:
ನಮ್ಮ ಬ್ಯಾಲೆನ್ಸ್ ಮಾತಾಡುವುದಿಲ್ಲವಲ್ಲ?

ಉತ್ತರ 2:
ಹಿಂಬದಿಯಲ್ಲಿ ಕಂಪ್ಯೂಟರಿಗೆ ಜೋಡಿಸುವ ಆರ್‌ಎಸ್-232 ಅಥವಾ ಯುಎಸ್‌ಬಿ ಪೋರ್ಟ್ ಇದೆಯಾ ನೋಡಿ. ಇದ್ದರೆ, ಬಂದ ಅಂಕಿಯನ್ನು ಕೀಬೋರ್ಡ್‌ನಿಂದ ಒತ್ತಿದಂತೆ ಎಕ್ಸೆಲ್ ಕೋಶಕ್ಕೆ ಹಾಕುವ ತಂತ್ರಾಂಶ ಸಿಗುತ್ತದೆ. ಬ್ಯಾಲೆನ್ಸಿನ ಪ್ರಿಂಟ್ ಗುಂಡಿ ಒತ್ತಿದರೆ ತೂಕ ಕೋಶದಲ್ಲಿ. ಮೇಲ್ಬಾಣದ ಕೀ ಒತ್ತಿದರೆ ಪರದೆಯ ಬರಹವನ್ನು ಓದುವ ಎನ್‌ವಿಡಿಎ ತಂತ್ರಾಂಶ ಅದನ್ನು ಹೇಳುತ್ತದೆ, ಅದು ಉಚಿತ. ಅಂಕಿಯ ಬದಲು ಚಿತ್ರವಿಚಿತ್ರ ಅಕ್ಷರ ಬಂದರೆ ಬಾಡ್ ರೇಟ್ (ಅಂಕಿ ಕಳಿಸುವ ವೇಗ) ಇಲ್ಲವೇ ಪ್ಯಾರಿಟಿ (ತಪ್ಪು ಪತ್ತೆಯ ಸೆಟ್ಟಿಂಗ್) ಬ್ಯಾಲೆನ್ಸ್, ಕಂಪ್ಯೂಟರ್ ಎರಡೂ ಕಡೆ ಹೊಂದಿಲ್ಲ ಎಂದರ್ಥ.

ಉತ್ತರ 3:
ಹಾಕಿದ ಗ್ರಾಂ ಎದುರು ಪಿಎಚ್ ಗುರುತಿಸಿ ಬರೆದ ಗ್ರಾಫ್ ಬೆರಳಿಗೂ ಸಿಗಲಿ. ಶಾಖಕ್ಕೆ ಉಬ್ಬುವ ಕಾಗದದ ಮೇಲೆ ಇಂಗಾಲವಿರುವ ಕಪ್ಪು ಶಾಯಿಯಲ್ಲಿ ಮುದ್ರಿಸಿ, ಹೀಟರ್‌ನಲ್ಲಿ ಹಾಯಿಸಿದರೆ ಗೆರೆ ಎದ್ದು ನಿಲ್ಲುತ್ತದೆ. ಚೌಕಳಿ ಗೆರೆಗಳನ್ನು ತೆಗೆದುಹಾಕಿ, ಅವುಗಳ ನಡುವೆ ವಕ್ರರೇಖೆ ಬೆರಳಿಗೆ ಕಳೆದುಹೋಗುತ್ತದೆ. ಅಕ್ಷ ತೆಳು, ವಕ್ರರೇಖೆ ಅದರ ಎರಡರಷ್ಟು ದಪ್ಪ.