ಅಪ್‌ಡೇಟ್: ಮೀಡಿಯಾ ಕನ್ವರ್ಟರ್ ಹಾಕಿದ ಮೇಲೆ ತೆವಳುತ್ತಿದ್ದ ನೆಟ್‌ವರ್ಕ್ ಸರಿಹೋಯಿತು
ಕಚೇರಿಗೂ ಗೋದಾಮಿಗೂ ನಡುವೆ ಫೈಬರ್ ಎಳೆಸಿ, ಎರಡೂ ತುದಿಗೆ 10/100 (ಸೆಕೆಂಡಿಗೆ 10 ಅಥವಾ 100 ಮೆಗಾಬಿಟ್) ಮೀಡಿಯಾ ಕನ್ವರ್ಟರ್, ಅಂದರೆ ತಾಮ್ರದ ಕೇಬಲ್‌ಗೂ ಫೈಬರ್‌ಗೂ ಕೊಂಡಿಯಾಗುವ ಪೆಟ್ಟಿಗೆ, ಕೂರಿಸಿದ ಮೇಲೆ ಪಿಂಗ್ (ಸಂಪರ್ಕ ಪರೀಕ್ಷಿಸುವ ಪುಟ್ಟ ಸಂದೇಶ) ಸರಾಗವಾಗಿದೆ, ದೊಡ್ಡ ಫೈಲ್ ಮಾತ್ರ ತೆವಳುತ್ತದೆ ಎಂದು ಕೇಳಿದ್ದೆ. ಡ್ಯುಪ್ಲೆಕ್ಸ್ ಹೊಂದಿಕೆ (ಎರಡೂ ಕಡೆ ಏಕಕಾಲಕ್ಕೆ ಕಳುಹಿಸಿ ಪಡೆಯುವ ಫುಲ್ ಇದೆಯೋ, ಒಮ್ಮೆಗೆ ಒಂದೇ ಕೆಲಸ ಮಾಡುವ ಹಾಫ್ ಇದೆಯೋ ಎಂಬುದು) ನೋಡಿ ಎಂದವರಿಗೆ ಮನಸಾರೆ ಧನ್ಯವಾದ. ತೊಂದರೆ ಅಲ್ಲೇ ಇತ್ತು.

ಗೋದಾಮಿನ ಕನ್ವರ್ಟರ್‌ನ ಬದಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಡಿಪ್ ಸ್ವಿಚ್‌ಗಳಿವೆ. ಅವು ತಾಮ್ರದ ಪೋರ್ಟನ್ನು 100 ಫುಲ್ ಡ್ಯುಪ್ಲೆಕ್ಸ್‌ಗೆ ಕಟ್ಟಿಹಾಕಿದ್ದವು. ಎದುರಿನ ನೆಟ್‌ವರ್ಕ್ ಸ್ವಿಚ್ ಆಟೋದಲ್ಲಿತ್ತು, ಅಂದರೆ ವೇಗ, ಡ್ಯುಪ್ಲೆಕ್ಸ್‌ಗಳನ್ನು ಎದುರಿನ ಸಾಧನದೊಡನೆ ಮಾತುಕತೆ (ನೆಗೋಷಿಯೇಷನ್) ನಡೆಸಿ ಹೊಂದಿಸಿಕೊಳ್ಳುವ ಸ್ಥಿತಿಯಲ್ಲಿ. ನೆಗೋಷಿಯೇಷನ್‌ಗೆ ಉತ್ತರ ಬಾರದಿದ್ದರೆ ಸ್ವಿಚ್ ವೇಗವನ್ನೇನೋ ಗುರುತಿಸುತ್ತದೆ, ಡ್ಯುಪ್ಲೆಕ್ಸನ್ನು ಗುರುತಿಸಲಾರದು, ಹಾಫ್‌ಗೆ ಇಳಿಯುತ್ತದೆ. ಕನ್ವರ್ಟರ್ ಯಾವಾಗ ಬೇಕಾದರೂ ಕಳುಹಿಸುತ್ತದೆ, ಸ್ವಿಚ್ ಅದನ್ನು ಡಿಕ್ಕಿ ಎಂದೇ ಭಾವಿಸಿ ತಾನು ಕಳುಹಿಸುತ್ತಿದ್ದುದನ್ನು ನಿಲ್ಲಿಸುತ್ತದೆ. ಆಗೊಮ್ಮೆ ಈಗೊಮ್ಮೆ ಹೋಗುವ ಪಿಂಗ್‌ಗೆ ಇದು ತಟ್ಟುವುದಿಲ್ಲ. ಫೈಲ್ ಹೊರಟಾಗ ಮಾತ್ರ ಸ್ವಿಚ್‌ನ ಪೋರ್ಟ್ ಲೆಕ್ಕದಲ್ಲಿ ಲೇಟ್ ಕೊಲಿಷನ್ (ತಡವಾಗಿ ಕಂಡ ಡಿಕ್ಕಿ) ಏರುತ್ತಲೇ ಹೋಗುತ್ತಿತ್ತು.

ಡಿಪ್ ಸ್ವಿಚ್ಚನ್ನು ಆಟೋಗೆ ತಂದು, ಕನ್ವರ್ಟರ್‌ನ ಪವರ್ ಅಡಾಪ್ಟರ್ ಕಿತ್ತು ಮತ್ತೆ ಹಾಕಿದೆ. ಫುಲ್ ಡ್ಯುಪ್ಲೆಕ್ಸ್ ದೀಪ ಹೊತ್ತಿತು, ಫೈಲ್‌ಗಳು ಸಲೀಸಾಗಿ ಹೋಗುತ್ತಿವೆ.

ತರಂಗಾಂತರದ ಬಗ್ಗೆ ಅನುಮಾನಪಟ್ಟವರಿಗೆ: ನಮ್ಮದು ಒಂಟಿ ಎಳೆಯ ಫೈಬರ್. ಒಂದು ತುದಿ 1310 ನ್ಯಾನೋಮೀಟರ್‌ನಲ್ಲಿ ಕಳುಹಿಸಿ 1550ರಲ್ಲಿ ಪಡೆಯುತ್ತದೆ, ಇನ್ನೊಂದು ತದ್ವಿರುದ್ಧ. ಆ ಜೋಡಿ ಸರಿಯಾಗಿಯೇ ಇತ್ತು.

ಎಲ್ಲ ಸರಿಯಾದ ಮೇಲೆ ಲಿಂಕ್ ಫಾಲ್ಟ್ ಪಾಸ್ ಥ್ರೂ (ಒಂದು ಕಡೆ ಸಂಪರ್ಕ ಕಡಿದರೆ ಇನ್ನೊಂದು ಕಡೆಯ ಸಂಪರ್ಕವನ್ನೂ ಕೆಡವುವ ಸೌಲಭ್ಯ) ಕೂಡ ಆನ್ ಮಾಡಿದೆ. ಫೈಬರ್ ಕಳಚಿ ನೋಡಿದರೆ ಕಚೇರಿಯ ಸ್ವಿಚ್‌ನ ದೀಪವೂ ಆರುತ್ತದೆ. ದೋಷ ಹುಡುಕುವಾಗ ಇದನ್ನು ಆಫ್ ಇಡುವುದು ಒಳ್ಳೆಯದು, ಇಲ್ಲದಿದ್ದರೆ ಕಡಿದದ್ದು ಯಾವ ಕಡೆ ಎಂದು ತಿಳಿಯುವುದು ಕಷ್ಟ.