ಅಪ್‌ಡೇಟ್ ಇನ್‌ಸ್ಟಾಲ್ ಆಯ್ತಲ್ಲ, ಮತ್ತೆ ರೀಸ್ಟಾರ್ಟ್ ಯಾಕೆ?

ಪ್ರಶ್ನೆ: ಸರ್, ಬ್ರೌಸರ್ ಅಪ್‌ಡೇಟ್ ಆದರೆ ಅದನ್ನೊಂದು ಮುಚ್ಚಿ ತೆರೆದರೆ ಸಾಕು. ವಿಂಡೋಸ್ ಅಪ್‌ಡೇಟ್ ಬಂದರೆ ಮಾತ್ರ ಇಡೀ ಕಂಪ್ಯೂಟರ್ ರೀಸ್ಟಾರ್ಟ್ ಮಾಡು ಅನ್ನುತ್ತದೆ. ನಾಲ್ಕಾರು ಫೈಲ್ ತೆರೆದಿಟ್ಟು ಕೆಲಸ ಮಾಡುವಾಗ ಇದು ದೊಡ್ಡ ತಲೆನೋವು. ಇನ್‌ಸ್ಟಾಲ್ ಆದಮೇಲೆ ಇನ್ನೇನು ಬಾಕಿ ಇರುತ್ತದೆ?

ಉತ್ತರ: ಬ್ರೌಸರನ್ನೂ ಮುಚ್ಚಿ ತೆರೆಯಲೇಬೇಕು, ಅಲ್ವಾ? ಕಾರಣ ಎರಡಕ್ಕೂ ಒಂದೇ. ಓಡುತ್ತಿರುವ ಪ್ರೋಗ್ರಾಂ ಮೆಮೊರಿಯಲ್ಲಿ ಇರುತ್ತದೆ. ಡಿಸ್ಕ್‌ಗೆ ಹೊಸ ಫೈಲ್ ಬಂದು ಕೂತರೂ ಮೆಮೊರಿಯಲ್ಲಿ ಹಳೆಯದೇ ಓಡುತ್ತಿರುತ್ತದೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕಥೆಯೂ ಅಷ್ಟೆ. ಯಾವ ಪ್ರೋಗ್ರಾಂಗೆ ಎಷ್ಟು ಮೆಮೊರಿ, ಯಾರಿಗೆ ಯಾವಾಗ ಪ್ರೊಸೆಸರ್, ಎಲ್ಲ ಅದರ ಕೈಯಲ್ಲಿದೆ. ಅದನ್ನು ನಿಲ್ಲಿಸಿದರೆ ಮಿಕ್ಕಿದ್ದೆಲ್ಲ ನಿಂತ ಹಾಗೇ.

ವಿಂಡೋಸ್‌ನಲ್ಲಿ ಇನ್ನೊಂದು ತೊಡಕಿದೆ. ಬಳಕೆಯಲ್ಲಿರುವ ಡಿಎಲ್‌ಎಲ್ ಫೈಲ್ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಇರುವ ಫೈಲ್) ಮೇಲೆ ಬರೆಯಲು ಅದು ಬಿಡುವುದಿಲ್ಲ. ಹಾಗಾಗಿ ಎಷ್ಟೋ ಇನ್‌ಸ್ಟಾಲರ್‌ಗಳು ಹೊಸ ಫೈಲನ್ನು ಪಕ್ಕದಲ್ಲಿಟ್ಟು, ಬೂಟ್ ಆಗುವಾಗ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಬದಲಿಸು ಅಂತ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಬರೆದಿಡುತ್ತವೆ. ಆ ನಮೂದಿನ ಹೆಸರು ಪೆಂಡಿಂಗ್‌ಫೈಲ್‌ರಿನೇಮ್‌ಆಪರೇಷನ್ಸ್. ಬೂಟ್‌ನ ಶುರುವಿನಲ್ಲೇ, ಬೇರೆ ಪ್ರೋಗ್ರಾಂಗಳು ಫೈಲ್ ಹಿಡಿದುಕೊಳ್ಳುವ ಮೊದಲು, ಸೆಷನ್ ಮ್ಯಾನೇಜರ್ ಎಂಬ ವಿಂಡೋಸ್‌ನ ಭಾಗ ಅದನ್ನು ನೋಡಿ ಹಳೆಯದರ ಜಾಗಕ್ಕೆ ಹೊಸದನ್ನು ಇಡುತ್ತದೆ.

ಇನ್ನೊಬ್ಬರು: ಅದಕ್ಕೇ ವಿಂಡೋಸ್ ಬದಲು ಲಿನಕ್ಸ್ ಬಳಸಿ ಅನ್ನೋದು. ನನ್ನದು ತಿಂಗಳುಗಟ್ಟಲೆ ರೀಸ್ಟಾರ್ಟ್ ಇಲ್ಲದೆ ಓಡುತ್ತದೆ.

ಉತ್ತರ: ಓಡುತ್ತದೆ, ಸರಿ. ಆದರೆ ಯಾವುದು ಓಡುತ್ತಿದೆ? ಬಳಕೆಯಲ್ಲಿರುವ ಫೈಲನ್ನೂ ಅಳಿಸಿ, ಅದೇ ಹೆಸರಿನಲ್ಲಿ ಹೊಸದನ್ನು ಇಡಲು ಲಿನಕ್ಸ್ ಬಿಡುತ್ತದೆ. ಆಗಲೇ ಶುರುವಾಗಿದ್ದ ಪ್ರೋಗ್ರಾಂ ಮಾತ್ರ ಹಳೆಯ ಫೈಲನ್ನೇ ಹಿಡಿದುಕೊಂಡಿರುತ್ತದೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ, ವೆಬ್ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ಲೋಪ ಸಿಕ್ಕಾಗ ಇದೇ ಆಗಿದ್ದು. ಪ್ಯಾಚ್ (ಲೋಪ ಸರಿಪಡಿಸುವ ತಿದ್ದುಪಡಿ) ಹಾಕಿ ವೆಬ್ ಸರ್ವರ್ ರೀಸ್ಟಾರ್ಟ್ ಮಾಡದಿದ್ದರೆ ಲೋಪ ಹಾಗೇ ಉಳಿಯುತ್ತಿತ್ತು. ವಿಂಡೋಸ್ ಬೈದು ಹೇಳುತ್ತದೆ, ಲಿನಕ್ಸ್ ಎಷ್ಟೋ ಸಲ ಸುಮ್ನೆ ಇರುತ್ತದೆ. ನನ್ನ ಪ್ರಕಾರ ಸುಮ್ಮನಿರುವುದೇ ಜಾಸ್ತಿ ಅಪಾಯ.

ಪ್ರಶ್ನೆ: ಓಡುತ್ತಿರುವ ಕರ್ನಲ್ಲನ್ನೇ ಬದಲಿಸಲು ಆಗಲ್ವಾ?

ಉತ್ತರ: ಸ್ವಲ್ಪ ಮಟ್ಟಿಗೆ ಆಗುತ್ತದೆ. 2015ರಲ್ಲಿ ಬಂದ ಲಿನಕ್ಸ್ 4.0ರಲ್ಲೇ ಲೈವ್ ಪ್ಯಾಚಿಂಗ್, ಅಂದರೆ ಓಡುತ್ತಿರುವಾಗಲೇ ತಿದ್ದುವ ಸೌಲಭ್ಯ, ಸೇರಿತು. ಹಳೆಯ ಫಂಕ್ಷನ್‌ಗೆ (ಒಂದು ಕೆಲಸ ಮಾಡುವ ಕೋಡ್ ತುಣುಕಿಗೆ) ಬಂದ ಕರೆಯನ್ನು ಹೊಸ ಫಂಕ್ಷನ್ ಕಡೆ ತಿರುಗಿಸುವುದು ಅದರ ಉಪಾಯ. ಚಿಕ್ಕ ತಿದ್ದುಪಡಿಗೆ ಅದು ಸಾಕು. ಆದರೆ ಡೇಟಾ ಇಡುವ ವಿನ್ಯಾಸವೇ ಬದಲಾಗಿದ್ದರೆ ಕಷ್ಟ. ಹಳೆಯ ವಿನ್ಯಾಸದಲ್ಲಿ ತುಂಬಿದ ಡೇಟಾ ಆಗಲೇ ಮೆಮೊರಿಯಲ್ಲಿ ಇರುತ್ತದೆ. ಹೊಸ ಕೋಡ್ ಅದನ್ನು ತಪ್ಪಾಗಿ ಓದಿದರೆ ಯಂತ್ರ ಕ್ರ್ಯಾಶ್ ಆಗಬಹುದು, ಫೈಲ್‌ಗಳೂ ಕೆಡಬಹುದು. 2025ರಲ್ಲಿ ಸಂಸ್ಥೆಗಳು ಬಳಸುವ ವಿಂಡೋಸ್ 11 ಎಂಟರ್‌ಪ್ರೈಸ್‌ಗೂ ಹಾಟ್‌ಪ್ಯಾಚ್, ಅಂದರೆ ರೀಸ್ಟಾರ್ಟ್ ಇಲ್ಲದೆ ಹಾಕುವ ಅಪ್‌ಡೇಟ್, ಬಂದಿದೆ. ಆದರೂ ಮೂರು ತಿಂಗಳಿಗೊಮ್ಮೆ ರೀಸ್ಟಾರ್ಟ್ ತಪ್ಪಿದ್ದಲ್ಲ.

ಮತ್ತೊಬ್ಬರು: ನಾನು ದಿನಾ ರಾತ್ರಿ ಶಟ್‌ಡೌನ್ ಮಾಡುತ್ತೇನೆ ಸರ್. ರೀಸ್ಟಾರ್ಟ್‌ಗಿಂತ ಅದೇ ಒಳ್ಳೆಯದಲ್ವಾ?

ಉತ್ತರ: ಇಲ್ಲೇ ತುಂಬ ಜನ ಎಡವುವುದು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಇದೆ. ಅದು ಆನ್ ಇದ್ದರೆ, ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಕರ್ನಲ್‌ನ ಸ್ಥಿತಿ ಮಾತ್ರ ಡಿಸ್ಕ್‌ಗೆ ಸೇವ್ ಆಗುತ್ತದೆ. ಬೆಳಿಗ್ಗೆ ಎದ್ದು ಕೂರುವುದು ಅದೇ ಹಳೆಯ ಕರ್ನಲ್. ರೀಸ್ಟಾರ್ಟ್ ಒತ್ತಿದರೆ ಹಾಗಲ್ಲ, ಎಲ್ಲ ಮೊದಲಿನಿಂದ ಶುರು. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ, ಅಪ್ ಟೈಮ್ ನೋಡಿ, ಕರ್ನಲ್ ಮೊದಲಿನಿಂದ ಶುರುವಾಗಿ ಎಷ್ಟು ಹೊತ್ತಾಯಿತು ಅನ್ನುವುದು ಅದು. ನಿನ್ನೆ ರಾತ್ರಿ ಆಫ್ ಮಾಡಿದ್ದರೂ ಅಲ್ಲಿ ಎಷ್ಟೋ ದಿನ ತೋರಿಸಬಹುದು.

ಅಪ್‌ಡೇಟ್ ಕಾಯುತ್ತಿದ್ದಾಗ ಅಪ್‌ಡೇಟ್ ಆ್ಯಂಡ್ ಶಟ್‌ಡೌನ್ ಅಂತ ಬಂದರೆ ಅದನ್ನು ಒತ್ತಬಹುದು, ತೊಂದರೆಯಿಲ್ಲ; ಅದು ಬರೀ ಶಟ್‌ಡೌನ್ ಅಲ್ಲ, ಅಪ್‌ಡೇಟನ್ನೂ ಹಾಕುತ್ತದೆ. ಇನ್ನು ಕೆಲಸದ ನಡುವೆ ತಾನಾಗೇ ರೀಸ್ಟಾರ್ಟ್ ಆಗಬಾರದು ಅಂದರೆ, ವಿಂಡೋಸ್ ಅಪ್‌ಡೇಟ್ ಸೆಟ್ಟಿಂಗ್‌ನಲ್ಲಿ ಆ್ಯಕ್ಟಿವ್ ಅವರ್ಸ್, ಅಂದರೆ ನೀವು ಕೆಲಸ ಮಾಡುವ ಸಮಯ, ಹಾಕಿಡಿ.